ಪರದೆ ಕಪ್ಪಾದಾಗ

ಬಾನುಲಿಗೆ ಪರದೆಯಿಲ್ಲ. ಅದು ಮೌನವಾದರೆ ಗೊಣಗುತ್ತೇವೆ, ತಿರುಗಣೆಯನ್ನು ಆಚೀಚೆ ಹೊರಳಿಸುತ್ತೇವೆ, ಸ್ವಲ್ಪ ಹೊತ್ತು ಕಾಯುತ್ತೇವೆ, ಯಾರೂ ಎದೆಗುಂದುವುದಿಲ್ಲ. ಆದರೆ ಮನೆಯ ಮೂಲೆಯ ಮೇಜಿನ ಮೇಲೆ ಹತ್ತು ಹನ್ನೆರಡು ವರ್ಷಗಳಿಂದ ಕುಳಿತಿರುವ ಗಣಕಯಂತ್ರದ ಪರದೆ ಒಂದು ಬೆಳಿಗ್ಗೆ ಬೆಳಗದೆ ಹೋಯಿತೆನ್ನಿ, ಮನೆಮಂದಿಯ ಮುಖವೂ ಅದರಂತೆಯೇ ಕಪ್ಪಾಗುತ್ತದೆ. ಗುಂಡಿ ಒತ್ತಿದ್ದಾಯಿತು, ಒಳಗೆ ಫ್ಯಾನು ತಿರುಗುವ ಸದ್ದೂ ಕೇಳಿತು. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಮೊದಲು ಪೆಟ್ಟಿಗೆಯ ಮೇಲೊಂದು ಏಟು ಬೀಳುತ್ತದೆ. ಆಮೇಲೆ ಹಿಂಬದಿಯ ತಂತಿಗಳನ್ನೆಲ್ಲ ಒಮ್ಮೆಗೇ ಎಳೆದಾಡಿ ನೋಡುತ್ತಾರೆ. ಕೊನೆಗೆ ಯಾರಾದರೊಬ್ಬರು, "ಅದರ ಕಾಲ ಮುಗಿಯಿತು, ಹೊಸದು ತಂದುಬಿಡೋಣ" ಎಂದು ತೀರ್ಪು ಕೊಡುತ್ತಾರೆ.

ಆ ತೀರ್ಪಿನ ವಿರುದ್ಧ ಒಂದು ಮೇಲ್ಮನವಿ ಸಲ್ಲಿಸುವುದು ಈ ಭಾಷಣದ ಉದ್ದೇಶ. ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ಅಲ್ಲಿನ ಗಣಕಕೊಠಡಿಯ ಹೊಣೆಯೂ ನನ್ನ ಪಾಲಿಗಿತ್ತು. ಯಂತ್ರಗಳು ಹಳೆಯವು, ಅನುದಾನ ಅಲ್ಪ. ಕಪ್ಪು ಪರದೆಯೆಂಬುದು ಅಲ್ಲಿ ವಾರಕ್ಕೊಮ್ಮೆ ಬಂದುಹೋಗುವ ನೆಂಟ. ಆ ನೆಂಟನ ದೀರ್ಘ ಸಹವಾಸದಿಂದ ನಾನು ಕಲಿತದ್ದನ್ನು ಎರಡು ಮಾತಿನಲ್ಲಿ ಹೇಳಬಹುದು. ಕಪ್ಪು ಪರದೆ ಜ್ವರದಂತೆ ಒಂದು ಲಕ್ಷಣ. ಅದರ ಹಿಂದಿನ ಕಾರಣ ನೂರು ಇರಬಹುದು, ಹೆಚ್ಚಿನವು ಸಾಮಾನ್ಯವಾದವು. ಎರಡನೆಯದಾಗಿ, ಕ್ರಮವಾಗಿ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರೆ ಆ ಕತ್ತಲೆ ಹಂತಹಂತವಾಗಿ ಕಿರಿದಾಗುತ್ತದೆ. ಕೊನೆಗೆ ದೋಷವು ಒಂದು ಬೆರಳಿನಷ್ಟು ಜಾಗದಲ್ಲಿ ಸಿಕ್ಕಿಬೀಳುತ್ತದೆ.

ಪರದೆಯ ಮೇಲೆ ಬೆಳಕು ಮೂಡುವ ಮೊದಲು ಏನೇನು ನಡೆಯಬೇಕೆಂಬುದನ್ನು ನೋಡೋಣ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತು ಪೆಟ್ಟಿಗೆಯ ಹಿಂಬದಿಯಲ್ಲಿರುವ ಒಂದು ಲೋಹದ ಡಬ್ಬಿಯನ್ನು ಹೊಗುತ್ತದೆ. ರಿಪೇರಿಯವರು ಎಸ್‌ಎಂಪಿಎಸ್ ಎನ್ನುವ ಈ ಡಬ್ಬಿ ಅದನ್ನು 12, 5 ಮತ್ತು 3.3 ವೋಲ್ಟುಗಳ ಏಕಮುಖ ವಿದ್ಯುತ್ತಾಗಿ ಪಳಗಿಸಿ, 'ಇಲ್ಲಿ ಎಲ್ಲವೂ ಸರಿಯಿದೆ' ಎಂಬ ಸಂಕೇತವೊಂದನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಆಗ ಪ್ರೊಸೆಸರ್ ಎಚ್ಚರಗೊಂಡು, ಬಯೋಸ್ ಎಂಬ ಚಿಕ್ಕ ಚಿಪ್ಪಿನಲ್ಲಿ ಬರೆದಿಟ್ಟಿರುವ ತನ್ನ ಮೊದಲ ಪಾಠವನ್ನು ಓದುತ್ತದೆ. ಜಪಕ್ಕೆ ಕುಳಿತವರು ಅಂಗನ್ಯಾಸ ಮಾಡುವಂತೆ ಯಂತ್ರ ತನ್ನ ಅಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ: ಸ್ಮೃತಿ ಇದೆಯೆ, ಚಿತ್ರ ಬಿಡಿಸುವ ಭಾಗ ಇದೆಯೆ, ಕೀಲಿಮಣೆ ಇದೆಯೆ? 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗಲೇ ಈ ಸ್ವಪರೀಕ್ಷೆಯ ಪದ್ಧತಿ ಅದರಲ್ಲಿತ್ತು. ನಮ್ಮ ಮನೆಗಳ ಗಣಕಗಳು ಆ ವಂಶದ ಕುಡಿಗಳೇ. ಪರೀಕ್ಷೆ ಮುಗಿದ ಮೇಲೆ ಚಿತ್ರದ ಸಂಕೇತ ಕೇಬಲಿನಗುಂಟ ಸಾಗಿ ಮಾನಿಟರನ್ನು ಮುಟ್ಟುತ್ತದೆ. ಅಲ್ಲಿ ಅದು ಬೆಳಕಾಗುತ್ತದೆ. ವಿಂಡೋಸ್ ಮುಂತಾದ ಕಾರ್ಯವ್ಯವಸ್ಥೆಗಳ ಸರದಿ ಬರುವುದು ಇದೆಲ್ಲ ಆದ ಮೇಲೆ.

ಮನೆಗೆ ಹೆಂಚು ಹೊದಿಸುವಾಗ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸುವುದನ್ನು ನೀವು ನೋಡಿರಬಹುದು. ಮಾಡಿನ ಮೇಲೆ ಕುಳಿತವನಿಗೆ ಹೆಂಚು ಬರಲಿಲ್ಲವೆಂದರೆ ಸಾಲಿನಲ್ಲಿ ಎಲ್ಲೋ ಒಂದು ಕೈ ನಿಂತಿದೆ ಎಂದು ಅರ್ಥ. ಅವನನ್ನು ಬೈದು ಫಲವಿಲ್ಲ, ಸಾಲಿನವರನ್ನೆಲ್ಲ ಮನೆಗೆ ಕಳಿಸಿಯೂ ಫಲವಿಲ್ಲ. ಯಾರ ಕೈಯವರೆಗೆ ಹೆಂಚು ಬಂದಿದೆಯೆಂದು ನೋಡಿದರೆ ಸಾಕು. ಕಪ್ಪು ಪರದೆಯ ಮುಂದೆ ನಾವು ಮಾಡಬೇಕಾದುದೂ ಅಷ್ಟೆ.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಹೊರಗಿನಿಂದಲೇ ಕೇಳಬಹುದಾದ ನಾಲ್ಕು ಪ್ರಶ್ನೆಗಳಿವೆ. ಮಾನಿಟರಿನ ಚಿಕ್ಕ ದೀಪ ಉರಿಯುತ್ತಿದೆಯೆ? ಪೆಟ್ಟಿಗೆಯೊಳಗೆ ಫ್ಯಾನು ತಿರುಗುತ್ತಿದೆಯೆ? ಗುಂಡಿ ಒತ್ತಿದ ಕೆಲವು ಕ್ಷಣಗಳಲ್ಲಿ 'ಬೀಪ್' ಎಂಬ ಸದ್ದು ಬಂತೆ? ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದೆಯೆ? ನಾಲ್ಕನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಆದರೆ ಅದರ ಬೆಲೆ ದೊಡ್ಡದು. ಆ ದೀಪ ನಿಮ್ಮ ಬೆರಳಿನ ಮಾತನ್ನು ಕೇಳುತ್ತಿದ್ದರೆ ಯಂತ್ರ ಎಚ್ಚರವಾಗಿದೆ, ಅದು ಕೆಲಸ ಮಾಡುತ್ತಿದೆ. ನಮಗೆ ಕಾಣಿಸುತ್ತಿಲ್ಲ, ಅಷ್ಟೆ. ಆಗ ದೋಷ ಚಿತ್ರದ ಹಾದಿಯಲ್ಲಿದೆ. ದೀಪ ಅಲುಗದಿದ್ದರೆ ಯಂತ್ರವೇ ಎದ್ದಿಲ್ಲವೆಂದು ಸಂಶಯಿಸಬೇಕು. ಒಂದು ಕೀಲಿಯನ್ನು ಒತ್ತಿದ್ದರಿಂದ ಕತ್ತಲೆಯ ಅರ್ಧಭಾಗ ಕಳೆಯಿತು.

ಮೊದಲು ಮಾನಿಟರಿನ ವಿಚಾರ. ಪೆಟ್ಟಿಗೆಯಿಂದ ಬರುವ ಚಿತ್ರದ ಕೇಬಲನ್ನು ಕಳಚಿ ಮಾನಿಟರನ್ನು ಮಾತ್ರ ಚಾಲೂ ಮಾಡಿ. ಆರೋಗ್ಯವಾಗಿರುವ ಮಾನಿಟರು ಸಾಮಾನ್ಯವಾಗಿ 'ನೋ ಸಿಗ್ನಲ್' ಎಂದೋ 'ಕೇಬಲ್ ನೋಡಿ' ಎಂದೋ ತನ್ನ ಭಾಷೆಯಲ್ಲಿ ಒಂದು ಸಾಲು ಬರೆದು ತೋರಿಸುತ್ತದೆ. ಆ ಸಾಲು ಕಂಡರೆ ಮಾನಿಟರು ನಿರ್ದೋಷಿ. ಅದೂ ಕಾಣದಿದ್ದರೆ ಅದರ ವಿದ್ಯುತ್ ತಂತಿ, ಗೋಡೆಯ ಸ್ವಿಚ್ಚು, ಬೆಳಕನ್ನು ಪೂರ್ತಿ ತಗ್ಗಿಸಿಟ್ಟಿರಬಹುದಾದ ಗುಂಡಿ, ಇವುಗಳನ್ನು ನೋಡಬೇಕು. ಹಳೆಯ ಎಲ್‌ಸಿಡಿ ಮಾನಿಟರುಗಳಿಗೆ ಇನ್ನೊಂದು ಪರೀಕ್ಷೆಯುಂಟು. ಅವುಗಳಲ್ಲಿ ಚಿತ್ರ ಬಿಡಿಸುವ ಗಾಜು ಬೇರೆ, ಅದರ ಹಿಂದೆ ಬೆಳಕು ಕೊಡುವ ತೆಳ್ಳನೆಯ ಕೊಳವೆದೀಪಗಳು ಬೇರೆ. ದೀಪಗಳು ಅಥವಾ ಅವುಗಳಿಗೆ ವಿದ್ಯುತ್ತು ಕೊಡುವ ಭಾಗ ಕೆಟ್ಟರೆ ಚಿತ್ರ ಇದ್ದೂ ಇಲ್ಲದಂತಾಗುತ್ತದೆ. ಕೋಣೆಯನ್ನು ಕತ್ತಲು ಮಾಡಿ, ಪರದೆಯ ಮೇಲೆ ಓರೆಯಾಗಿ ಟಾರ್ಚು ಬಿಡಿ. ಬೂದಿಯ ಮೇಲೆ ಬರೆದ ಅಕ್ಷರದಂತೆ ಚಿತ್ರ ಮಸುಕಾಗಿ ಕಂಡರೆ ಕಾಯಿಲೆ ಬೆಳಕಿನದು, ಗಣಕದ್ದಲ್ಲ.

ಇನ್ನೂ ಹಳೆಯ, ಬೆನ್ನು ಉಬ್ಬಿದ ಗಾಜಿನ ಮಾನಿಟರು ನಿಮ್ಮಲ್ಲಿದ್ದರೆ ಒಂದು ಎಚ್ಚರಿಕೆ. ಆ ಕೊಳವೆಯೊಳಗೆ 20,000 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ. ತಂತಿ ಕಿತ್ತ ಮೇಲೂ ಅದು ಬಹಳ ಹೊತ್ತು ಒಳಗೆ ಅಡಗಿರಬಲ್ಲದು. ಅದರ ಹಿಂಬದಿಯನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಎಸ್‌ಎಂಪಿಎಸ್ ಡಬ್ಬಿಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಬದಲಿಸಬಹುದು, ಬಿಚ್ಚಿ ನೋಡುವ ಕುತೂಹಲ ಬೇಡ.

ಮಾನಿಟರು ಸರಿಯಿದ್ದರೆ ಮುಂದಿನ ಕೈ ಕೇಬಲಿನದು. ಹಳೆಯ ಗಣಕಗಳ ನೀಲಿ ತಲೆಯ ವಿಜಿಎ ಕೇಬಲು 1987ರಲ್ಲಿ ಐಬಿಎಂ ಯಂತ್ರಗಳೊಂದಿಗೆ ಬಂದ ಏರ್ಪಾಟು. ಮೂರು ಸಾಲುಗಳಲ್ಲಿ 15 ಸೂಜಿಗಳಿಗೆ ಸ್ಥಾನವುಳ್ಳ ಆ ತಲೆಯಲ್ಲಿ ಒಂದು ಸೂಜಿ ಬಾಗಿದರೂ ಚಿತ್ರ ಕೆಡಬಹುದು. ಇಕ್ಕೆಲದ ತಿರುಪುಗಳನ್ನು ಬಿಗಿಯದೆ ಬಿಟ್ಟಿದ್ದರೆ ಕಸ ಗುಡಿಸುವಾಗ ಪೊರಕೆ ತಗಲಿಯೇ ಅದು ಸಡಿಲವಾಗುತ್ತದೆ. ಇನ್ನು ಕೆಲವು ಪೆಟ್ಟಿಗೆಗಳ ಹಿಂಬದಿಯಲ್ಲಿ ಚಿತ್ರಕ್ಕೆ ಎರಡು ಬಾಗಿಲುಗಳಿರುತ್ತವೆ: ಬೋರ್ಡಿನದೊಂದು, ಆಮೇಲೆ ಕೂಡಿಸಿದ ಗ್ರಾಫಿಕ್ಸ್ ಕಾರ್ಡಿನದೊಂದು. ಕಾರ್ಡು ಇರುವಾಗ ಬೋರ್ಡಿನ ಬಾಗಿಲು ಎಷ್ಟೋ ಯಂತ್ರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಜು ಸರಿಸಿ ಮತ್ತೆ ಜೋಡಿಸಿದವರು ಕೇಬಲನ್ನು ಮುಚ್ಚಿದ ಬಾಗಿಲಿಗೆ ಸಿಕ್ಕಿಸಿ ಕುಳಿತಿದ್ದರೆ ಬೆಳಕು ಎಲ್ಲಿಂದ ಬರಬೇಕು?

ಫ್ಯಾನೇ ತಿರುಗದಿದ್ದರೆ ಹೆಂಚು ಮೊದಲ ಕೈಯಲ್ಲೇ ನಿಂತಿದೆ. ಗೋಡೆಯ ಪ್ಲಗ್ಗಿಗೆ ಒಂದು ಮೇಜುದೀಪವನ್ನು ಸಿಕ್ಕಿಸಿ ನೋಡಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯಿಂದ ವಿದ್ಯುತ್ತು ಕೊಟ್ಟು ನೋಡಿ. ಯುಪಿಎಸ್ಸಿನ ಬ್ಯಾಟರಿ ಮುಪ್ಪಾಗಿ ಗಣಕದ ಮೇಲೆ ಅಪವಾದ ಬರುವುದು ಸಾಮಾನ್ಯ. ಪೆಟ್ಟಿಗೆಯ ಹಿಂಬದಿಯಲ್ಲಿ ಎಸ್‌ಎಂಪಿಎಸ್ಸಿಗೆ ಪ್ರತ್ಯೇಕ ಸ್ವಿಚ್ಚಿರುವುದುಂಟು, ಅದನ್ನೂ ನೋಡಿ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಪದ್ಧತಿಯ ಯಂತ್ರಗಳಲ್ಲಿ ಗಣಕ ಆರಿದ್ದಾಗಲೂ 5 ವೋಲ್ಟಿನ ಒಂದು ಎಳೆ ಬೋರ್ಡಿನಲ್ಲಿ ಹರಿಯುತ್ತಿರುತ್ತದೆ. ನಾವು ಒತ್ತುವ ಗುಂಡಿ ಕೆಲಸ ಮಾಡುವುದು ಅದರ ಬಲದಿಂದ. ಮಿಂಚು ಗುಡುಗಿನ ರಾತ್ರಿಯ ಮರುದಿನ ಯಂತ್ರ ಹಟ ಹಿಡಿದರೆ ತಂತಿಯನ್ನು ಗೋಡೆಯಿಂದ ಪೂರ್ತಿ ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಬಸಿದು, ಮತ್ತೆ ಜೋಡಿಸಿ ನೋಡಿ. ಇಷ್ಟರಿಂದಲೇ ಎದ್ದು ಕುಳಿತ ಯಂತ್ರಗಳನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಫ್ಯಾನು ತಿರುಗುತ್ತದೆ, ಚಿತ್ರವಿಲ್ಲ ಎಂಬುದು ಅತ್ಯಂತ ಹೆಚ್ಚಾಗಿ ಕೇಳಿಬರುವ ದೂರು. ಇಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಪರದೆ ಇನ್ನೂ ಸಿದ್ಧವಿಲ್ಲದಾಗ ಯಂತ್ರ ತನ್ನ ಸಂಕಟವನ್ನು ಬೇರೆ ಹೇಗೆ ಹೇಳಿಕೊಳ್ಳಬೇಕು? ಸದ್ದಿನಿಂದ ಹೇಳುತ್ತದೆ. ಅವಾರ್ಡ್ ಎಂಬ ಹೆಸರಿನ ಬಯೋಸ್ ಇರುವ ಹಳೆಯ ಬೋರ್ಡುಗಳಲ್ಲಿ ಒಂದು ಚಿಕ್ಕ ಬೀಪು ಕ್ಷೇಮಸಮಾಚಾರ. ಒಂದು ದೀರ್ಘ, ಎರಡು ಹ್ರಸ್ವ ಎಂದರೆ ಚಿತ್ರದ ಭಾಗದಲ್ಲಿ ತೊಂದರೆ. ದೀರ್ಘವಾದ ಸದ್ದು ಮತ್ತೆ ಮತ್ತೆ ಬಂದರೆ ಸ್ಮೃತಿಯ ತೊಂದರೆ. ಅಮೆರಿಕನ್ ಮೆಗಾಟ್ರೆಂಡ್ಸ್ ಬಯೋಸಿನ ಲೆಕ್ಕ ಬೇರೆ. ಅಲ್ಲಿ ಎಂಟು ಬೀಪುಗಳು ಚಿತ್ರದ ತೊಂದರೆಯನ್ನು ಸೂಚಿಸುತ್ತವೆ. ಆಯಾ ಬೋರ್ಡಿನ ಕೈಪಿಡಿಯಲ್ಲಿ ಈ ಛಂದಸ್ಸಿನ ವಿವರ ಸಿಗುತ್ತದೆ. ಲಘುಗುರುಗಳನ್ನು ಎಣಿಸಿ ಪದ್ಯ ಓದಿದ ಕನ್ನಡದ ವಿದ್ಯಾರ್ಥಿಗೆ ಇದು ಹೊಸ ವಿದ್ಯೆಯಲ್ಲ.

ಇನ್ನು ಪೆಟ್ಟಿಗೆಯ ಒಳಗೆ. ಗೋಡೆಯ ತಂತಿಯನ್ನು ಕಿತ್ತ ಮೇಲೆಯೇ ಪಕ್ಕದ ತಗಡನ್ನು ತೆಗೆಯಬೇಕು. ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ನಮ್ಮ ಮೈಗೆ ಗೊತ್ತೇ ಆಗದಷ್ಟು ಚಿಕ್ಕ ಕಿಡಿ ಚಿಪ್ಪುಗಳಿಗೆ ಸಿಡಿಲಾಗಬಲ್ಲದು. ಒಳಗೆ ಮೊದಲು ಕಾಣುವುದು ಧೂಳು. ಅದನ್ನು ಮೆತ್ತನೆಯ ಕುಂಚದಿಂದ ನಿಧಾನವಾಗಿ ತೆಗೆಯಿರಿ. ಬೋರ್ಡಿನ ಮೇಲೆ ಚಿಕ್ಕ ಡಬ್ಬಿಗಳಂತೆ ನಿಂತಿರುವ ಕಪಾಸಿಟರುಗಳ ತಲೆಯನ್ನು ಗಮನಿಸಿ. ಸುಮಾರು 1999ರಿಂದ 2007ರವರೆಗೆ ತಯಾರಾದ ಅನೇಕ ಬೋರ್ಡುಗಳಲ್ಲಿ ಕಳಪೆ ಕಪಾಸಿಟರುಗಳು ಸೇರಿಕೊಂಡು ಲೋಕದಾದ್ಯಂತ ಯಂತ್ರಗಳು ಅಕಾಲದಲ್ಲಿ ಕೆಟ್ಟವು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಸುತ್ತ ಕಂದು ಅಂಟು ಒಸರಿದ್ದರೆ ಅಪರಾಧಿ ಸಿಕ್ಕಿದಂತೆ. ಅದನ್ನು ಬದಲಿಸುವುದು ಬೆಸುಗೆ ಬಲ್ಲವರ ಕೆಲಸ. ರೇಡಿಯೋ ಟೀವಿ ರಿಪೇರಿಯ ಹಳೆಯ ಕೈಗಳಿಗೆ ಅದು ಕಷ್ಟವಲ್ಲ.

ಆಮೇಲೆ ಸ್ಮೃತಿಪಟ್ಟಿಗಳು, ಅಂದರೆ ರ‍್ಯಾಮ್. ಇಕ್ಕೆಲದ ಕೊಂಡಿಗಳನ್ನು ಹೊರಕ್ಕೆ ಒತ್ತಿದರೆ ಅವು ಎದ್ದುಬರುತ್ತವೆ. ಅವುಗಳ ಅಂಚಿನ ಹೊಂಬಣ್ಣದ ಹಲ್ಲುಗಳ ಮೇಲೆ ತೇವದಿಂದಲೂ ಧೂಳಿನಿಂದಲೂ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಮತ್ತೆ ಕೂರಿಸುವುದು ನಮ್ಮ ರಿಪೇರಿಯವರ ನೆಚ್ಚಿನ ಉಪಾಯ. ಕೂರಿಸುವಾಗ ಅಂಚಿನ ಕಚ್ಚು ಗೂಡಿನ ಉಬ್ಬಿಗೆ ಸರಿಹೊಂದಬೇಕು. ಇಕ್ಕೆಲದ ಕೊಂಡಿಗಳು 'ಟಕ್' ಎಂದು ತಾವಾಗಿ ಮುಚ್ಚಿಕೊಳ್ಳಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ಒಮ್ಮೆಗೆ ಒಂದೇ ಬದಲಾವಣೆ ಎಂಬುದು ಈ ವಿದ್ಯೆಯ ಮೂಲಸೂತ್ರ. ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಹೇಳುವವರಾರು? ಸರಿಹೋಗದಿದ್ದರೆ ಹಳೆಯ ದೋಷದ ಮೇಲೆ ಹೊಸದೊಂದನ್ನು ಹೇರಿದೆವೋ ಏನೋ ಎಂಬ ಸಂಶಯವೂ ಉಳಿಯುತ್ತದೆ.

ಒಂದು ಪ್ರಸಂಗವನ್ನು ಹೇಳುತ್ತೇನೆ. ಮಲೆನಾಡಿನ ಹಳ್ಳಿಯೊಂದರಲ್ಲಿ ನಿವೃತ್ತ ಶಾಲಾ ಉಪಾಧ್ಯಾಯರೊಬ್ಬರಿದ್ದಾರೆ. ಅಡಿಕೆ ತೋಟದ ಮಾತುಗಳನ್ನು ಒಟ್ಟುಗೂಡಿಸುವುದು ಅವರ ಹವ್ಯಾಸ: ಸಿಂಗಾರ, ಹಾಳೆ, ಕೊಟ್ಟೆ, ಕೊನೆಗೌಡ, ಬೆಟ್ಟೆ, ಗೊರಬಲು, ಹೀಗೆ. ಕೊನೆ ಕೊಯ್ಯುವವರ ಬಾಯಿಂದ, ಸುಲಿಯುವ ಹೆಂಗಸರ ಬಾಯಿಂದ, ಒಲೆಯ ಮುಂದೆ ಅಡಿಕೆ ಬೇಯಿಸುವವರ ಬಾಯಿಂದ ಹನ್ನೊಂದು ವರ್ಷ ಕೇಳಿ ಬರೆದುಕೊಂಡದ್ದನ್ನೆಲ್ಲ ತಮ್ಮ ಹಳೆಯ ಗಣಕದಲ್ಲಿ ನುಡಿ ಲಿಪಿಯಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದರು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಆಷಾಢದ ಮಳೆ ಹಿಡಿದು ಹದಿನೈದು ದಿನ ಗಣಕವನ್ನು ಮುಟ್ಟದೆ, ಒಂದು ದಿನ ಗುಂಡಿ ಒತ್ತಿದರೆ ಪರದೆ ಕಪ್ಪು. ಪೇಟೆಯ ಅಂಗಡಿಯವರೊಬ್ಬರು ಫೋನಿನಲ್ಲಿ ವಿಷಯ ಕೇಳಿ, ಬೋರ್ಡು ಹೋಗಿದೆಯೆಂದೂ ಹಳೆಯ ಪೆಟ್ಟಿಗೆಯನ್ನು ಹಾಗೆಯೇ ಕೊಟ್ಟರೆ ಹೊಸದರ ಬೆಲೆಯಲ್ಲಿ ಐನೂರು ರೂಪಾಯಿ ಬಿಡುವುದಾಗಿಯೂ ಹೇಳಿದ್ದರಂತೆ.

ನಾನು ಅವರ ಮನೆಗೆ ಹೋದಾಗ ಅವರು ಗಣಕದ ಮಾತನ್ನೇ ಎತ್ತಲಿಲ್ಲ. "ಯಂತ್ರ ಹೋದರೆ ಹೋಗಲಿ ಮಾರಾಯ್ರೆ, ಅದು ಹ್ಯಾಗೂ ಹಳೇದು. ಒಳಗಿದ್ದದ್ದು ಉಂಟೋ ಇಲ್ಲವೋ, ಅದೊಂದು ಹೇಳಿ" ಎಂದರು. ಒಳಗಿನಿಂದ ಅವರ ಪತ್ನಿ, "ಮೂರು ದಿನದಿಂದ ಇವರಿಗೆ ಊಟ ಸೇರ್ತಿಲ್ಲ" ಎಂದರು.

"ಮೇಷ್ಟ್ರೇ, ನೀವು ಬರೆದದ್ದು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಪರದೆ ಕಪ್ಪಾದರೆ ಡಿಸ್ಕಿನ ಅಕ್ಷರ ಅಳಿಸಿಹೋಗುವುದಿಲ್ಲ. ಕನ್ನಡಕ ಒಡೆದರೆ ಪುಸ್ತಕ ಸುಟ್ಟುಹೋಗುತ್ತದೆಯೇ?" ಎಂದೆ. ಅವರು ಮೊದಲ ಬಾರಿಗೆ ಕುರ್ಚಿಯಲ್ಲಿ ಸರಿಯಾಗಿ ಕುಳಿತರು.

ಪ್ರಶ್ನೆಗಳನ್ನು ಕ್ರಮವಾಗಿ ಕೇಳತೊಡಗಿದೆ. ಮಾನಿಟರು 'ನೋ ಸಿಗ್ನಲ್' ಎಂದು ಬರೆದು ತೋರಿಸಿತು, ಅದು ಸರಿ. ಫ್ಯಾನು ತಿರುಗುತ್ತಿತ್ತು, ವಿದ್ಯುತ್ತು ಒಳಗೆ ಬರುತ್ತಿದೆ. ಕ್ಯಾಪ್ಸ್ ಲಾಕ್ ದೀಪ ಅಲುಗಲಿಲ್ಲ, ಬೀಪು ಇಲ್ಲ, ಯಂತ್ರ ಎದ್ದಿಲ್ಲ. ತಂತಿ ಕಿತ್ತು, ಪೆಟ್ಟಿಗೆ ತೆರೆದು, ಸ್ಮೃತಿಪಟ್ಟಿಗಳೆರಡನ್ನೂ ಹೊರತೆಗೆದು, ಅವಿಲ್ಲದೆಯೇ ಯಂತ್ರವನ್ನು ಚಾಲೂ ಮಾಡಿದೆ. ಈಗ ದೀರ್ಘವಾದ ಬೀಪು ಒಂದರ ಹಿಂದೊಂದು ಬರತೊಡಗಿತು. ಮೇಷ್ಟ್ರು ಗಾಬರಿಯಾದರು, ನನಗೆ ಮಾತ್ರ ಅದಕ್ಕಿಂತ ಇಂಪಾದ ಸ್ವರ ಬೇರೆ ಇರಲಿಲ್ಲ. ಸ್ಮೃತಿ ಇಲ್ಲವೆಂದು ದೂರಬೇಕಾದರೆ ದೂರುವ ಪ್ರೊಸೆಸರು ಬದುಕಿರಬೇಕು, ಅದನ್ನು ಹೊತ್ತ ಬೋರ್ಡು ಬದುಕಿರಬೇಕು, ಎಸ್‌ಎಂಪಿಎಸ್ ಸರಿಯಿರಬೇಕು. ಫೋನಿನಲ್ಲಿ ಬಂದ ತೀರ್ಪು ಅಲ್ಲಿಗೆ ಬಿದ್ದುಹೋಯಿತು. ಪಟ್ಟಿಗಳ ಹಲ್ಲುಗಳನ್ನು ಉಜ್ಜಿ ಒಂದನ್ನು ಮಾತ್ರ ಕೂರಿಸಿದಾಗ ಒಂದು ಚಿಕ್ಕ ಬೀಪು ಕೇಳಿತು, ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ಇನ್ನೊಂದನ್ನು ಸೇರಿಸಿದರೆ ಮತ್ತೆ ಕತ್ತಲೆ. ಮಳೆಗಾಲದ ತೇವ ಆ ಎರಡನೆಯ ಪಟ್ಟಿಯನ್ನು ತಿಂದಿತ್ತು. ಅದನ್ನು ಹೊರಗಿಟ್ಟೆವು.

ಯಂತ್ರವೇನೋ ಎದ್ದಿತು, ಆದರೆ ದಿನಾಂಕವನ್ನು 2009ರ ಜನವರಿ 1 ಎಂದು ತೋರಿಸುತ್ತಿತ್ತು. ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ. ಗಣಕ ಆರಿದ್ದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದರ ಮೇಲೆ ಬರೆದಿರುವ ಸಿಆರ್ 2032 ಎಂಬುದರಲ್ಲಿ ಅಳತೆಯೇ ಅಡಗಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟಿನ ಈ ಬ್ಯಾಟರಿ ಕೆಲವು ವರ್ಷಗಳಲ್ಲಿ ಬರಿದಾಗುತ್ತದೆ. ಆಗ ಕಾಲ ತಪ್ಪುತ್ತದೆ, ಬಯೋಸಿನ ಏರ್ಪಾಡುಗಳು ಮರೆತುಹೋಗುತ್ತವೆ, ಕೆಲವು ಹಳೆಯ ಬೋರ್ಡುಗಳಂತೂ ಅದರಿಂದಲೇ ಮೇಲೇಳಲು ನಿರಾಕರಿಸುತ್ತವೆ. ಕಡಿಮೆ ಬೆಲೆಗೆ ಸಿಗುವ ಈ ನಾಣ್ಯವನ್ನು ಹಳೆಯ ಯಂತ್ರದಲ್ಲಿ ಬದಲಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಮೇಷ್ಟ್ರು ದಿನಾಂಕವನ್ನು ಸರಿಪಡಿಸಲು ಕೈ ಚಾಚಿದರು. "ಅದು ಆಮೇಲೆ. ಮೊದಲು ಪೆನ್‌ಡ್ರೈವ್ ಕೊಡಿ" ಎಂದೆ. ಕೆಟ್ಟು ಎದ್ದ ಯಂತ್ರದಲ್ಲಿ ಮಾಡಬೇಕಾದ ಮೊದಲ ಕೆಲಸ ಒಳಗಿನದನ್ನು ನಕಲು ಮಾಡಿಕೊಳ್ಳುವುದು. ಎರಡು ಪ್ರತಿಗಳಾದ ಮೇಲೆ ಕಷಾಯ ಕುಡಿದೆವು. ಆಮೇಲೆ ಗಡಿಯಾರ.

ಪರದೆ ಮೊದಲು ಬೆಳಗಿ, ಕಂಪೆನಿಯ ಚಿಹ್ನೆ ತೋರಿಸಿ, ಆಮೇಲೆ ಕಪ್ಪಾಗುವುದು ಬೇರೆ ಬಗೆಯ ಕಾಯಿಲೆ. ಹೆಂಚು ಅಷ್ಟು ದೂರ ಬಂದಿರುವುದರಿಂದ ಮಾನಿಟರು, ಕೇಬಲು, ಸ್ಮೃತಿಗಳ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯುತ್ತದೆ. ಕಾರ್ಯವ್ಯವಸ್ಥೆಯ ಕಡೆ ನೋಡಬೇಕಾಗುತ್ತದೆ. ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7 ಇರುವ ಯಂತ್ರಗಳಲ್ಲಿ ಗುಂಡಿ ಒತ್ತಿದ ಕೂಡಲೆ ಎಫ್8 ಕೀಲಿಯನ್ನು ತಟ್ಟುತ್ತಿದ್ದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಸೇಫ್ ಮೋಡ್ ಎಂಬುದನ್ನು ಆರಿಸಿದರೆ ಯಂತ್ರ ಅಲಂಕಾರಗಳನ್ನೆಲ್ಲ ಬಿಟ್ಟು ಸರಳವಾಗಿ ಮೇಲೇಳುತ್ತದೆ. ಹಾಗೆ ಎದ್ದಿತೆಂದರೆ ಚಿತ್ರದ ಡ್ರೈವರು ಕೆಟ್ಟಿದೆ, ಅಥವಾ ಮಾನಿಟರಿಗೆ ಮೀರಿದ ರೆಸಲ್ಯೂಷನ್ನನ್ನು ಯಾರೋ ಇಟ್ಟಿದ್ದಾರೆ ಎಂದು ತಿಳಿಯಬಹುದು. ವಿಂಡೋಸ್ 10 ಇರುವಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರದ ಡ್ರೈವರು ಮಾತ್ರ ಹೊಸದಾಗಿ ಆರಂಭವಾಗುತ್ತದೆ. ಕೆಲವೊಮ್ಮೆ ಅಷ್ಟಕ್ಕೇ ಪರದೆ ಮರಳುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ಆದ್ದರಿಂದ ಇಂಥ ಹಳೆಯ ಯಂತ್ರವನ್ನು ಅಂತರಜಾಲದಿಂದ ದೂರವಿಟ್ಟು, ಬರೆಯಲು ಓದಲು ಬಳಸುವುದು ಕ್ಷೇಮ.

ಎಲ್ಲ ಪ್ರಯತ್ನಗಳೂ ಸೋತು ಬೋರ್ಡು ನಿಜವಾಗಿಯೇ ಹೋಗಿದ್ದರೆ? ಆಗಲೂ ಡಿಸ್ಕು ಉಳಿದಿರುವ ಸಂಭವ ಹೆಚ್ಚು. ನಾಲ್ಕು ತಿರುಪು ಬಿಚ್ಚಿ ಅದನ್ನು ಹೊರತೆಗೆಯಬಹುದು. ಅಗಲವಾದ ಪಟ್ಟಿಯಂಥ ಕೇಬಲು ಇದ್ದರೆ ಅದು ಐಡಿಇ ಬಗೆಯದು; ಕಿರಿದಾದ ಕೇಬಲು ಇದ್ದರೆ 2003ರಿಂದ ಬಳಕೆಗೆ ಬಂದ ಸಾಟಾ ಬಗೆಯದು. ಎರಡಕ್ಕೂ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರುಗಳು ದೊರೆಯುತ್ತವೆ. ಬೇರೊಂದು ಗಣಕಕ್ಕೆ ಸಿಕ್ಕಿಸಿದರೆ ಒಳಗಿನ ಕಡತಗಳು ಕಾಣಿಸಿಕೊಳ್ಳುತ್ತವೆ. ಡಿಸ್ಕಿನಿಂದ 'ಟಕ್ ಟಕ್' ಎಂಬ ಸದ್ದು ಬರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಚಾಲೂ ಮಾಡದೆ ಅಲ್ಲಿಗೇ ನಿಲ್ಲಿಸಿ, ಬಲ್ಲವರ ಕೈಗೆ ಕೊಡಬೇಕು. ಸುಟ್ಟ ವಾಸನೆ ಬಂದಾಗಲೂ ಅಷ್ಟೆ: ಮೊದಲು ತಂತಿ ಕೀಳಿ, ವಿಚಾರ ಆಮೇಲೆ.

ಇಷ್ಟೆಲ್ಲ ಶ್ರಮ ಹಳೆಯ ಪೆಟ್ಟಿಗೆಯೊಂದಕ್ಕೆ ಏಕೆ ಎಂದು ನೀವು ಕೇಳಬಹುದು. ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷವಾದ ಉತ್ತರವಿದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ, ನಮ್ಮ ಬರಹಗಾರರು, ಅಚ್ಚುಕೂಟದವರು, ಡಿಟಿಪಿ ಮಾಡುವವರು ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತಗಳಲ್ಲೇ ಬೆರಳಚ್ಚು ಮಾಡಿದರು. ಆ ಅಕ್ಷರಶೈಲಿಗಳಿಲ್ಲದ ಹೊಸ ಗಣಕದಲ್ಲಿ ಅಂಥ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳ ಸಂತೆ ಕಾಣುತ್ತದೆ. ಹಳೆಯ ಯಂತ್ರದಲ್ಲಿ ಅಕ್ಷರಶೈಲಿಯೂ ಇದೆ, ಕಡತವೂ ಇದೆ. ಎರಡೂ ಒಂದನ್ನೊಂದು ಬಲ್ಲವು. ಅಲ್ಲಿಂದ ಕಡತಗಳನ್ನು ಹೊರತಂದು, ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡಿಗೆ ಬದಲಿಸಿಕೊಂಡರೆ ಮುಂದಿನವರು ಓದಬಲ್ಲರು. ಊರಿನ ಇತಿಹಾಸ, ಸಂಘದ ಲೆಕ್ಕ, ಅಚ್ಚಾಗದೆ ಉಳಿದ ಕಾದಂಬರಿ, ತಾಯಿ ಹೇಳಿ ಬರೆಸಿದ ಹಾಡುಗಳು, ಇಂಥವು ಎಷ್ಟು ಕಪ್ಪು ಪರದೆಗಳ ಹಿಂದೆ ಇವೆಯೋ! ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವ ಅವಸರದಲ್ಲಿ ಇವೆಲ್ಲ ಗುಜರಿಯ ತಕ್ಕಡಿ ಏರಬಾರದು.

ಯಂತ್ರವನ್ನು ಬಿಟ್ಟುಕೊಡಲೇಬೇಕಾದ ದಿನವೂ ಬರುತ್ತದೆ. ಆಗ ಡಿಸ್ಕನ್ನು ನಿಮ್ಮಲ್ಲಿ ಉಳಿಸಿಕೊಂಡು, ಉಳಿದದ್ದನ್ನು ಇ-ತ್ಯಾಜ್ಯ ಸ್ವೀಕರಿಸುವ ಅಧಿಕೃತ ಕೇಂದ್ರಕ್ಕೆ ಕೊಡಿ. ಹಳೆಯ ಗಾಜಿನ ಮಾನಿಟರಿನಲ್ಲಿ ಸೀಸವಿದೆ. ಅದನ್ನು ಹಿತ್ತಲಲ್ಲಿ ಒಡೆಯುವುದು ಮಣ್ಣಿಗೂ ಮಕ್ಕಳಿಗೂ ಒಳ್ಳೆಯದಲ್ಲ. ನಮ್ಮ ದೇಶದಲ್ಲಿ ಇ-ತ್ಯಾಜ್ಯಕ್ಕೆಂದೇ 2011ರಲ್ಲಿ ರೂಪುಗೊಂಡ ನಿಯಮಗಳು 2012ರ ಮೇ ತಿಂಗಳಿಂದ ಜಾರಿಗೆ ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಅವುಗಳ ಸ್ಥಾನದಲ್ಲಿವೆ.

ಶ್ರೋತೃಗಳೇ, ಒಂದು ಚೀಟಿಯಲ್ಲಿ ಇಷ್ಟನ್ನು ಬರೆದು ನಿಮ್ಮ ಗಣಕದ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿಡಿ: ಮಾನಿಟರು, ಫ್ಯಾನು, ಬೀಪು, ಕ್ಯಾಪ್ಸ್ ಲಾಕ್ ದೀಪ, ಒಮ್ಮೆಗೆ ಒಂದೇ ಬದಲಾವಣೆ, ಎದ್ದ ಕೂಡಲೆ ನಕಲು. ರಿಪೇರಿಯವರನ್ನು ಕರೆದರೂ ಈ ನಾಲ್ಕರ ಉತ್ತರವನ್ನು ಅವರಿಗೆ ಹೇಳಿ. ಅವರ ಅರ್ಧ ಕೆಲಸ ಮುಗಿದಿರುತ್ತದೆ, ನಿಮಗೂ ಅವರ ಮಾತು ಅರ್ಥವಾಗುತ್ತದೆ. ಇನ್ನು, ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ನಿಮ್ಮ ಪರದೆ ಇಂದು ಬೆಳಗುತ್ತಿದ್ದರೆ, ನಕಲು ಮಾಡಿಕೊಳ್ಳಲು ಇಂದಿನ ರಾತ್ರಿಗಿಂತ ಒಳ್ಳೆಯ ಮುಹೂರ್ತವಿಲ್ಲ.